ಮುಂದೆ ನಡೆದವರಿಗೇ ಹತ್ತು
ಪಂಜರದೊಳಗೆ ಇಬ್ಬರು ಗುದ್ದಾಡುವ ಕಾಳಗಕ್ಕೆ ತೀರ್ಪು ಬರೆಯುವ ಮೂವರಲ್ಲಿ ತೊಗಿಯಾ ಅಂಕಲ್ ಇದ್ದಾನೆಂದು ತಿಳಿದರೆ ಸಾಕು, ನನ್ನ ಮೈ ಉರಿಯುತ್ತದೆ. ನಮ್ಮೂರು ಮಾಂಗೆರೆಯ ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲೇ ಬಂದು, ಮಾಂಸ ತುಂಬಿದ ಬಿಸಿ ಪೈಯನ್ನು ಎರಡೇ ತುತ್ತಿಗೆ ಮುಗಿಸಿ, ಪಂಜರದ ಬಲೆಗೆ ಮೂಗು ತಾಗುವಷ್ಟು ಹತ್ತಿರ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಅಷ್ಟು ಹತ್ತಿರದಿಂದಲೂ ಅವನಿಗೆ ಕಾಣುವುದು ಕಾಲುಗಳು ಮಾತ್ರ. ಚೆನ್ನಾಗಿ ಪೆಟ್ಟು ಕೊಟ್ಟವರಿಗೆ ಸುತ್ತಿನ ಹತ್ತು ಅಂಕ, ತಿಂದವರಿಗೆ ಒಂಬತ್ತು ಎಂಬುದು ನಿಯಮ. ಅಂಕಲ್‌ನ ಹತ್ತು ಮುಂದೆ ನಡೆದವರಿಗೆ. ಮುಖ ಜಜ್ಜಿಸಿಕೊಳ್ಳುತ್ತ ನಡೆದರೂ ಸರಿಯೇ. ತಳ್ಳುಗಾಡಿಯ ಐಸ್‌ಕ್ರೀಮಿನವನು ಅಡ್ಡ ಬಂದರೆ ಅವನಿಗೂ ಒಂದು ಸುತ್ತು ಕೊಟ್ಟಾನು! ನಿನ್ನೆ ನನ್ನ ಶಿಷ್ಯೆ ಸೆಫೀನಾ ಹಿಂದೆ ಸರಿಯುತ್ತಲೇ ಹೊಡೆದು ಎದುರಾಳಿಯ ಹುಬ್ಬು ಸೀಳಿದಳು. ಉಳಿದಿಬ್ಬರ ತೀರ್ಪು ಒಂದೊಂದು ಕಡೆಗೆ ಹೋಯಿತು. ಅವಳನ್ನು ಸೋಲಿಸಿದ್ದು ಅಂಕಲ್‌ನ ಅಂಕದ ಚೀಟಿ. “ಕಣ್ಣು ಎಲ್ಲಿಟ್ಟಿದ್ರಿ ಅಂಕಲ್?” ಎಂದು ಎಲ್ಲರೆದುರು ಕೂಗಿದೆ. “ನಿನ್ ಹುಡುಗಿ ಹಿಂದಕ್ಕೆ ಹೋದ್ಳಲ್ಲಪ್ಪಾ. ಹಿಂದಕ್ಕೆ ಹೋಗೋರು ಎಲ್ಲಾದ್ರೂ ಗೆಲ್ತಾರಾ?” ಎಂದ. ಅವನ ಬೆರಳುಗಳು ನಡುಗಿ ಕೋಟಿನ ಗುಂಡಿ ಸಿಗುತ್ತಿರಲಿಲ್ಲ. ಅವನ ಹೆಂಡತಿ ಗುಂಡಿ ಹಾಕುತ್ತ, “ಬೈಬೇಡ ಕಣೋ. ಬಾಕ್ಸಿಂಗ್ ಆಡ್ತಿದ್ದಾಗ ಇವ್ರು ಒಂದ್ ಹೆಜ್ಜೆ ಹಿಂದಿಟ್ಟೋರಲ್ಲ. ಗೆದ್ರು ಅಂತ ರೆಫರಿ ಒಂದ್ಸಲಾನೂ ಇವ್ರ ಕೈ ಎತ್ತಲಿಲ್ಲ” ಎಂದಳು. ನನ್ನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಈ ಮುದುಕ ನಮ್ಮ ಮಕ್ಕಳ ಗೆಲುವನ್ನು ಕಿತ್ತು ಕಿತ್ತು ಕೊಡುತ್ತಿರುವುದು ಅಂದು ಸೋತ, ತನ್ನೊಳಗಿನ ಆ ಹುಡುಗನಿಗೆ. ಅವನಿಗೋ, ಇನ್ನೂ ಸಾಲದು.