ಗಂಗಾಧರಯ್ಯ ಮುಂದೂಡಲಾರದ ಕೆಲಸ

ದುದ್ದದ ಗಂಗಾಧರಯ್ಯ ಒಂದು ಊಟವನ್ನೂ ಕೂತ ಜಾಗದಲ್ಲೇ ಮುಗಿಸಿದವನಲ್ಲ. ಎರಡು ತುತ್ತು ಮುದ್ದೆ ನುಂಗುವಷ್ಟರಲ್ಲಿ ಏನೋ ನೆನಪಾಗಿ ಏಳುತ್ತಿದ್ದ. ಹಿತ್ತಲ ಬಾಗಿಲಿಗೆ ಅಗುಳಿ ಬಿದ್ದಿದೆಯೋ, ಒಲೆಯ ಕೆಂಡ ಆರಿದೆಯೋ ನೋಡಿ ಬಂದು ಮತ್ತೆ ಕೂರುತ್ತಿದ್ದ. "ನಿನ್ನ ಕಾಲಡೀಲಿ ಇರುವೆ ಗೂಡದೆ ಕಣಪ್ಪ" ಎಂದು ತಾಯಿ ಬಸವಲಿಂಗಮ್ಮ ನಗುತ್ತಿದ್ದಳು.

ಯುದ್ಧಕ್ಕೆ ಮುಂಚೆ ಅವನು ಹಾಸನದ ಒಂದು ಬಸ್ ಷೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗಿ ಬರುವ ಬಸ್ಸುಗಳು ಅವನ ಕೈಯಲ್ಲಿದ್ದವು. ಅಲ್ಲಿ ಕೆಟ್ಟದ್ದನ್ನು ಯಾರೂ ಬರೆದಿಡುತ್ತಿರಲಿಲ್ಲ. ಡ್ರೈವರು ಬೀಡಿ ಹಚ್ಚುತ್ತ, "ಬ್ರೇಕು ಒಸಿ ಸಡ್ಲ ಅದೆ, ನಾಳಿಕ್ ನೋಡುವಾ ಬುಡಿ" ಎಂದರೆ ಆ ಕೆಲಸ ನಾಳೆಗೆ ಹೋಯಿತು. ನಾಳೆ ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಗಂಗಾಧರಯ್ಯನಿಗೆ ಮಾತ್ರ ನೆನಪಿರುತ್ತಿತ್ತು. ಬಸ್ಸು ವಾಪಸು ಬರುವವರೆಗೆ ಅವನು ಷೆಡ್ಡಿನ ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದ.

ಯುದ್ಧ ಬಂದ ಮೇಲೆ ಅವನನ್ನು ಬೆಂಗಳೂರಿಗೆ ಕರೆಸಿಕೊಂಡು ವಿಮಾನದ ಕೆಲಸ ಕಲಿಸಿದರು. ಎಂಜಿನ್ನು, ರೆಕ್ಕೆ, ತಂತಿ ಎಲ್ಲವನ್ನೂ ಅವನು ಬೇಗ ಕಲಿತ. ಆದರೆ ಅವನ ಮನಸ್ಸಿಗೆ ನಾಟಿದ್ದು ಬೇರೆ. ಅಲ್ಲಿ ಪ್ರತಿ ವಿಮಾನದ ಜೊತೆಗೂ ಒಂದು ಪುಸ್ತಕ ಇರುತ್ತಿತ್ತು. ಏನೇ ಕೆಟ್ಟರೂ ಅದರಲ್ಲಿ ಬರೆಯಬೇಕು. ಸಣ್ಣ ದೋಷವಾದರೆ ಮುಂದಕ್ಕೆ ಹಾಕಬಹುದು, ಆದರೆ ಬಾಯಿಮಾತಿನಲ್ಲಲ್ಲ. ಏನು ಕೆಟ್ಟಿದೆ, ಅದು ಯಾಕೆ ಕಾಯಬಹುದು, ಎಲ್ಲಿಯವರೆಗೆ ಎಂದು ಬರೆದು ಕೆಳಗೆ ಸಹಿ ಹಾಕಬೇಕು. ಕಾಯಲಾಗದ್ದಾದರೆ ವಿಮಾನ ಏಳಕೂಡದು, ಅಷ್ಟೆ. ತನ್ನ ದಿಗಿಲನ್ನು ಇಳಿಸಿಡಲು ಒಂದು ಜಾಗ ಸಿಕ್ಕಿತೆಂದು ಗಂಗಾಧರಯ್ಯನಿಗೆ ಮೊದಲ ಬಾರಿಗೆ ಅನ್ನಿಸಿತು.

ಆಮೇಲೆ ಅವನನ್ನು ಊರಿನ ಕಡೆಗೇ ಹಾಕಿದರು. ಬೂವನಹಳ್ಳಿಯ ಪಕ್ಕದ ಗೋಮಾಳವನ್ನು ಮಟ್ಟ ಮಾಡಿ, ಒಂದು ತಗಡಿನ ಷೆಡ್ಡು ಕಟ್ಟಿ, ವಿಮಾನ ಇಳಿಯುವ ಬಯಲು ಮಾಡಿದ್ದರು. ಬೆಂಗಳೂರಿಂದ ಮಂಗಳೂರಿಗೆ ಸೈನ್ಯದ ಟಪಾಲು ಒಯ್ಯುವ ಸಣ್ಣ ವಿಮಾನ ವಾರಕ್ಕೊಮ್ಮೆ ಅಲ್ಲಿ ತಂಗುತ್ತಿತ್ತು. ಬಟ್ಟೆ ಹೊದಿಸಿದ, ಎರಡು ಅಂತಸ್ತಿನ ರೆಕ್ಕೆಯ ವಿಮಾನ. ಅದನ್ನು ಓಡಿಸುತ್ತಿದ್ದವನು ಚನ್ನರಾಯಪಟ್ಟಣದ ಹುಡುಗ ಗೌರೀಶಂಕರ. ಬಯಲು ಕಾಯುತ್ತಿದ್ದವನು ಬೂವನಹಳ್ಳಿಯ ಕೃಷ್ಣಪ್ಪ.

ಸಾವಿರದ ಒಂಬೈನೂರ ನಲವತ್ತಮೂರರ ಆಯುಧಪೂಜೆಯ ದಿನ ವಿಮಾನ ಅಲ್ಲೇ ಇತ್ತು. ಬಸವಲಿಂಗಮ್ಮ ದುದ್ದದಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅವಳು ಬರುವುದಕ್ಕೆ ಕಾರಣವಿತ್ತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟಬಾರದು. ಗಂಡ ಈಶ್ವರಯ್ಯ ಕಾಯಿ ವ್ಯಾಪಾರಿ. ಒಂದು ವರ್ಷ ಯಾವನೋ ಸಾಹುಕಾರ ಅವಸರ ಮಾಡಿದನೆಂದು ಅಂದೇ ಸುಲಿಯುವ ಸಲಾಕೆ ಎತ್ತಿದ್ದ. ಅದು ಅಂಗೈಗೆ ಹೊಕ್ಕಿತು. ಎಂಟನೆಯ ದಿನ ದವಡೆ ಕಚ್ಚಿಕೊಂಡು, ಬಿಲ್ಲಿನ ಹಾಗೆ ಬಾಗಿ ತೀರಿಕೊಂಡ. ಅದು ಧನುರ್ವಾಯು, ತುಕ್ಕುಗಾಯದಿಂದ ಯಾವ ದಿನವಾದರೂ ಬರುತ್ತದೆ ಎಂದು ಗಂಗಾಧರಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ವರ್ಷ ತಾಯಿಯ ಕೈ ಮೇಲೆ ಕೈಯಿಟ್ಟು, "ಇವತ್ತು ಆಯುಧ ಮುಟ್ಟಲ್ಲ ಕಣವ್ವ" ಎಂದು ಮಾತು ಕೊಡುತ್ತಿದ್ದ.

ಷೆಡ್ಡಿನೊಳಗೆ ಗೋಣಿತಾಟಿನ ಮೇಲೆ ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳನ್ನೆಲ್ಲ ಸಾಲಾಗಿಟ್ಟು ವಿಭೂತಿ ಬಳಿದು ಹೂವಿಟ್ಟರು. ಆಮೇಲೆ ವಿಮಾನದ ಸರದಿ.

"ಇಮಾನಕ್ಕೂ ಒಂದು ಬೂದುಗುಂಬಳ ಒಡೀಲಾ ಸಾ?" ಎಂದ ಕೃಷ್ಣಪ್ಪ.

"ಒಡಿಯಪ್ಪ, ನನ್ನ ತಲೆ ಮೇಲೆ ಮಾತ್ರ ಬೇಡ" ಎಂದ ಗೌರೀಶಂಕರ.

ಬಸವಲಿಂಗಮ್ಮ ವಿಭೂತಿ ಕಲಸಿಕೊಂಡು ವಿಮಾನವನ್ನು ಒಂದು ಸುತ್ತು ಬಂದಳು. ಅದರ ಮೂತಿ ಅವಳ ಕೈಗೆ ಎಟುಕದಷ್ಟು ಎತ್ತರ. ಎರಡು ರೆಕ್ಕೆಗಳ ನಡುವಿನ ಕಂಬದಲ್ಲಿ ಬೆರಳು ಗಾತ್ರದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. "ಸೊಂಡಿಲನ್ನ ಇಲ್ಲಿ ಇಟ್ಟವ್ರೆ ನೋಡು" ಎಂದುಕೊಂಡು ಅದಕ್ಕೇ ದಪ್ಪಗೆ ಬಳಿದು, ಹೆಬ್ಬೆರಳಲ್ಲಿ ಒತ್ತಿ, ಕೈ ಮುಗಿದಳು. ಗಂಗಾಧರಯ್ಯ ಆಗ ಬಾಲದ ಹತ್ತಿರ ತಂತಿಯ ಬಿಗಿ ನೋಡುತ್ತಿದ್ದ.

ಮಧ್ಯಾಹ್ನ ಗೌರೀಶಂಕರ ಹೊರಟ. ವಿಮಾನ ಅರ್ಧ ಬಯಲು ಓಡಿ, ಏಳದೆ, ಸದ್ದು ತಗ್ಗಿಸಿ ತಿರುಗಿ ಬಂತು.

"ವೇಗದ ಮುಳ್ಳು ಏಳ್ತಾ ಇಲ್ಲ ಗಂಗಾಧರಯ್ಯನವರೆ. ಸೊನ್ನೆ ಮೇಲೇ ಮಲಗಿದೆ."

ಗಂಗಾಧರಯ್ಯ ನೇರವಾಗಿ ಆ ಕೊಳವೆಯ ಹತ್ತಿರ ಹೋದ. ಎದುರುಗಾಳಿ ಅದರ ಬಾಯೊಳಗೆ ನುಗ್ಗಿ ಒತ್ತಿದರೇನೇ ಮುಳ್ಳು ಏಳುವುದು. ಬಾಯಿ ಬೆಳ್ಳಗೆ ಮುಚ್ಚಿಹೋಗಿತ್ತು. ಉಗುರಲ್ಲಿ ಕೆರೆದ. ಮೇಲಿನದು ಉದುರಿತು, ಒಳಗಿನದು ಬಿಸಿಲಿಗೆ ಸುಣ್ಣದ ಹಾಗೆ ಕಚ್ಚಿಕೊಂಡಿತ್ತು. ಕಡ್ಡಿ ಹಾಕಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮುಳ್ಳಿನ ಕಡೆಯ ಜೋಡಣೆ ಬಿಚ್ಚಿ ಹಿಂದಿನಿಂದ ಊದಬೇಕು. ಬಿಚ್ಚಲು ಸ್ಪ್ಯಾನರು ಬೇಕು.

ಅವನು ಷೆಡ್ಡಿನ ಕಡೆ ನೋಡಿದ. ಬಾಗಿಲಲ್ಲಿ ತಾಯಿ ಕೂತು ಕೃಷ್ಣಪ್ಪನ ಪಂಚೆಗೆ ಕಡ್ಲೆಪುರಿ ಸುರಿಯುತ್ತಿದ್ದಳು.

"ನಾನೇ ಬಿಚ್ಚಲಾ?" ಎಂದ ಗೌರೀಶಂಕರ. ಪೂಜೆಯ ವಿಷಯ ಅವನಿಗೂ ಗೊತ್ತಿತ್ತು.

"ನೀವು ಬಿಚ್ಚಿದ್ದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ ಸ್ವಾಮಿ."

"ಹಾಗಾದರೆ ಬರೆದು ಮುಂದಕ್ಕೆ ಹಾಕಿ. ತಂತಿಗಳ ಮೇಲೆ ಗಾಳಿ ಶಿಳ್ಳೆ ಹೊಡೆಯೋದು ಕೇಳಿದರೆ ನನಗೆ ವೇಗ ತಿಳಿಯತ್ತೆ."

"ಘಾಟಿಯ ಮೋಡದಲ್ಲೂ ತಿಳಿಯತ್ತಾ?"

ಗೌರೀಶಂಕರ ಪಡುವಣದ ಕಡೆ ನೋಡಿದ. ಸಕಲೇಶಪುರದ ಮೇಲೆ ಮೋಡ ಕಟ್ಟುತ್ತಿತ್ತು. "ಇಲ್ಲೇ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಯಾಕೆ ಅಂತ ಸಂಜೆಗೆ ಬೆಂಗಳೂರಿಂದ ತಂತಿ ಬರತ್ತೆ. ಪೂಜೆ ಅಂತ ಉತ್ತರ ಕೊಡಲಾ? ನಾಳೆಯಿಂದ ನನ್ನನ್ನ ಆಫೀಸಲ್ಲಿ ಲಕೋಟೆ ಅಂಟಿಸೋಕೆ ಕೂರಿಸ್ತಾರೆ. ಬರೀರಿ, ಕತ್ತು ನನ್ನದು."

ಗಂಗಾಧರಯ್ಯ ಪುಸ್ತಕ ತೆರೆದ. ಏನು ಕೆಟ್ಟಿದೆ ಎಂಬುದನ್ನು ಬರೆದ. ಎಂದೂ ಹಾಗೆ ಮಾಡದವನು ಇಂದು ನಡುವಿನ ಕಾಲಮ್ಮು ಬಿಟ್ಟು, 'ಬೆಂಗಳೂರಿಗೆ ಮರಳುವವರೆಗೆ' ಎಂದು ಕೊನೆಯದನ್ನು ತುಂಬಿದ. ಉಳಿದದ್ದು ಒಂದೇ: ಯಾಕೆ ಕಾಯಬಹುದು. ನಿಬ್ಬಿನ ಶಾಯಿ ಒಣಗಿತು. ಅದ್ದಿಕೊಂಡ. ಮತ್ತೆ ಒಣಗಿತು. ಎದ್ದು ವಿಮಾನವನ್ನು ಒಂದು ಸುತ್ತು ಬಂದು ಕೂತ. ಮತ್ತೆ ಎದ್ದ. ಸುಳ್ಳು ಹೇಳದೆ ಆ ಜಾಗದಲ್ಲಿ ಬರೆಯಬಹುದಾಗಿದ್ದದ್ದು ಒಂದೇ ಮಾತು: ನಮ್ಮ ತಾಯಿಗೆ ಮಾತು ಕೊಟ್ಟಿದ್ದೇನೆ.

ಲೇಖನಿ ಕೆಳಗಿಟ್ಟು ತಾಯಿಯ ಹತ್ತಿರ ಹೋದ.

"ಅವ್ವ, ಬೆಳಿಗ್ಗೆ ನಿಂಗೊಂದು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ವಾಪಸ್ ಇಸ್ಕಳಕ್ಕೆ ಬಂದ್ಯಾ?"

"ಆ ಕೊಳವೆ ಕಟ್ಕಂಡದೆ. ಅದನ್ನ ಬಿಚ್ದೆ ಇದ್ರೆ ಆ ಹುಡುಗನಿಗೆ ಎಷ್ಟು ಜೋರಾಗಿ ಹೋಗ್ತಾವ್ನೆ ಅಂತ ಕಾಣಲ್ಲ."

"ಕಾಣ್ದಿದ್ರೇನು? ಗಾಡಿ ಹೊಡ್ಯೋನಿಗೆ ಯಾವ ಮುಳ್ಳದೆ?"

"ಎತ್ತು ನಿಧಾನ ಆದ್ರೆ ಗಾಡಿ ನಿಲ್ತದೆ ಕಣವ್ವ. ಇದು ನಿಧಾನ ಆದ್ರೆ ಬೀಳ್ತದೆ."

ಬಸವಲಿಂಗಮ್ಮನ ಕೈಯಲ್ಲಿ ಪುರಿ ಹಾಗೇ ಉಳಿಯಿತು. ಬಯಲಿನಲ್ಲಿ ನಿಂತ ಹುಡುಗನನ್ನು ನೋಡಿದಳು. ಆಮೇಲೆ ಇನ್ನೂ ಬೆಳ್ಳಗಿದ್ದ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಏನು ಕಟ್ಕಂಡದೆ ಅದ್ರಲ್ಲಿ?"

ಅವನು ಉಗುರಿಗೆ ಮೆತ್ತಿದ್ದ ಬಿಳಿಯನ್ನು ಬಟ್ಟೆಗೆ ಒರೆಸಿಕೊಂಡ.

"ಹೇಳಪ್ಪ. ಇಬೂತಿ ತಾನೆ? ಮೊಕ ಅನ್ಕಂಡು ಬಾಯಿಗೆ ತುರುಕ್ಬುಟ್ನಲ್ಲೋ."

ಅವಳು ಎದ್ದು ಒಳಗೆ ಹೋದಳು. ಗೋಣಿತಾಟಿನ ಮುಂದೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಯಾವ್ದು?"

"ಕೊನೇದು. ಸಣ್ಣದು."

ಬಸವಲಿಂಗಮ್ಮ ಬಾಗಿ ಹೂವನ್ನು ಪಕ್ಕಕ್ಕಿಟ್ಟಳು. ಸ್ಪ್ಯಾನರಿಗೆ ಕೈ ಮುಗಿದಳು. "ನಿಮ್ಮಪ್ಪ ಎತ್ತಿದ್ದು ಯಾವನೋ ಸಾವ್ಕಾರನ ಅವಸರಕ್ಕೆ" ಎಂದು ಗೋಡೆಗೆ ಹೇಳುವವಳ ಹಾಗೆ ಹೇಳಿ, ಅದನ್ನು ಎತ್ತಿ ಮಗನ ಕೈಗೆ ಕೊಟ್ಟಳು. "ಎತ್ತಿದ್ದು ನಾನು, ತಿಳೀತಾ? ಕೈ ಜ್ವಾಪಾನ. ಕುಯ್ಕಂಡು ಬಾ, ಆಗ ಅದೆ ನಿಂಗೆ."

ಗಂಗಾಧರಯ್ಯ ಜೋಡಣೆ ಬಿಚ್ಚಿ ಊದಿದ. ಬರಲಿಲ್ಲ. ಇನ್ನೊಮ್ಮೆ ದಮ್ಮು ಕಟ್ಟಿ ಊದಿದ. ಅತ್ತ ಕೊಳವೆಯ ಬಾಯಿಗೆ ಕಣ್ಣಿಟ್ಟು ನಿಂತಿದ್ದ ಕೃಷ್ಣಪ್ಪನ ಮುಖಕ್ಕೆಲ್ಲ ಬೆಳ್ಳಗೆ ಎರಚಿತು.

"ನಂಗೂ ಪೂಜೆ ಆಯ್ತು ಸಾ" ಎಂದು ಅವನು ಕೆಮ್ಮಿದ.

ಜೋಡಣೆ ಬಿಗಿದು, ಕೊಳವೆಯ ಬಾಯಿಗೆ ಮೆಲ್ಲಗೆ ಉಸಿರು ಬಿಟ್ಟಾಗ ಒಳಗಿಂದ ಗೌರೀಶಂಕರ ಕೂಗಿದ: "ಎದ್ದಿತು, ಎದ್ದಿತು!"

ಗಂಗಾಧರಯ್ಯ ಅರ್ಧ ಬರೆದ ಸಾಲಿಗೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದ. ಗೌರೀಶಂಕರ ಬಗ್ಗಿ ನೋಡಿ, "ವಿಭೂತಿ ಅಂತ ಯಾಕೆ ಸ್ವಾಮಿ, ಧೂಳು ಅನ್ನಿ" ಎಂದ.

"ಧೂಳಲ್ಲವಲ್ಲ."

"ಬೂದಿ?"

ಗಂಗಾಧರಯ್ಯ ಯೋಚಿಸಿದ. ಬೂದಿ ಎಂಬುದು ಸುಳ್ಳಲ್ಲ. ವಿಭೂತಿಗೂ ಒಂದು ಗೆರೆ ಎಳೆದು, ಬೂದಿ ಎಂದು ಬರೆದು ಸಹಿ ಹಾಕಿದ.

ವಿಮಾನ ಎದ್ದು, ಬಯಲಿನ ಮೇಲೆ ಒಂದು ಸುತ್ತು ಬಂದು, ಮುಳ್ಳು ಸರಿಯಿದೆಯೆಂದು ರೆಕ್ಕೆ ಆಡಿಸಿ ಪಡುವಣಕ್ಕೆ ಹೋಯಿತು. ಆಮೇಲೆ ಗಂಗಾಧರಯ್ಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪೆಟ್ರೋಲ್ ಡ್ರಮ್ಮುಗಳ ಮುಚ್ಚಳಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಬಿಗಿಯಾಗಿಯೇ ಇದ್ದವು. ದುದ್ದದ ಕೊನೆಯ ಬಸ್ಸು ಹೋಗುತ್ತದೆಂದರೂ ಬಸವಲಿಂಗಮ್ಮ ಏಳಲಿಲ್ಲ. ಕೃಷ್ಣಪ್ಪ ಸೈಕಲ್ಲಿನಲ್ಲಿ ಹಾಸನದ ತಂತಿ ಆಫೀಸಿಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದು, "ಮಂಗ್ಳೂರು ಮುಟ್ತಂತೆ ಸಾ" ಎಂದ.

"ಎಲ್ಲಿ, ಕೈ ತೋರ್ಸು" ಎಂದಳು ತಾಯಿ. ಲಾಟೀನಿನ ಬೆಳಕಿಗೆ ಹಿಡಿದು ಎರಡು ಕೈಯನ್ನೂ ಮಗುಚಿ ನೋಡಿದಳು. ಗೀರೂ ಇರಲಿಲ್ಲ. ಆದರೂ ಅವಳು ಊರಿಗೆ ಹೋಗಲಿಲ್ಲ. ಎಂಟು ದಿನ ಕಳೆಯುವವರೆಗೆ ಮಗನ ಜೊತೆ ಷೆಡ್ಡಿನ ಪಕ್ಕದ ಕೋಣೆಯಲ್ಲೇ ಇದ್ದಳು. ಪ್ರತಿ ಬೆಳಿಗ್ಗೆ "ಬಾಯಿ ತೆಗಿ" ಎಂದು ದವಡೆ ಆಡುತ್ತದೆಯೇ ನೋಡುತ್ತಿದ್ದಳು. ಅವನೂ ಬಾಯಿ ತೆರೆಯುತ್ತಿದ್ದ. ವಿಮಾನ ವಾಪಸು ಬಂದಾಗ ಗೌರೀಶಂಕರನಿಗೂ ಹಾಗೇ ಹೇಳಿ, ತೆರೆದ ಬಾಯಿಗೆ ಬೆಲ್ಲ ಹಾಕಿದಳು.

ಒಂಬತ್ತನೆಯ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟಳು. ಹಾಸನದ ಬಸ್ ನಿಲ್ದಾಣದಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿದ ಗಂಗಾಧರಯ್ಯ, ಕಾಲು ಕೇಳದೆ ಬಸ್ಸಿನ ಮುಂದಕ್ಕೆ ಹೋದ. ಡ್ರೈವರು ಹಳೆಯ ಪರಿಚಯದವನೇ.

"ಬ್ರೇಕು ಹೆಂಗದೆ?"

"ಒಸಿ ಸಡ್ಲ ಅದೆ ಅಯ್ನೋರೆ. ನಾಳಿಕ್ ನೋಡುವಾ ಬುಡಿ."

"ಯಾಕೆ ಕಾಯಬಹುದು?"

ಡ್ರೈವರು ಬೀಡಿ ತೆಗೆದು ಅವನ ಮುಖ ನೋಡಿದ. "ಯಾಕೆ ಅಂದ್ರೆ?"

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಬಸವಲಿಂಗಮ್ಮ ಗಂಟಿನ ಸಮೇತ ಕೆಳಗಿಳಿದಳು. ಎದುರಿನ ಕಲ್ಲುಚಪ್ಪಡಿಯ ಮೇಲೆ ಗಂಟಿಟ್ಟು, ಪಕ್ಕದಲ್ಲಿ ಕೂತು, ಸೆರಗು ಹೊದ್ದುಕೊಂಡಳು.

"ನೋಡ್ಬುಟ್ಟೇ ಒರಡ್ಲಿ ಕಣಪ್ಪ" ಎಂದಳು. "ನಂಗೇನು ಅವಸರ ಇಲ್ಲ."