ಅಲುಗದ ತೂಗುಗುಂಡು

ಗಣಿಯಲ್ಲಿ ಎಲ್ಲರೂ ಅವರನ್ನು ಗುಂಡು ಮಾಮ ಎನ್ನುತ್ತಿದ್ದರು. ಹೆಸರು ಕೇಳಿ ದಪ್ಪ ಆಸಾಮಿಯನ್ನು ಹುಡುಕಿಕೊಂಡು ಬಂದವರು ಮೋಸಹೋಗುತ್ತಿದ್ದರು. ಮಾಮ ಒಣಗಿದ ಕಡ್ಡಿಯಂತಿದ್ದರು. ಹೆಸರು ಬಂದದ್ದು ಅವರು ಕಾಯುತ್ತಿದ್ದ ಕಬ್ಬಿಣದ ತೂಗುಗುಂಡಿನಿಂದ.

ಗಣಿಯ ಹೊಂಡಕ್ಕೆ ಲಾರಿಗಳು ಇಳಿಯಲೆಂದು ಹೊಸ ರಸ್ತೆ ಮಾಡುತ್ತಿದ್ದರು. ಗುಡ್ಡದ ಬುಡವನ್ನು ಕಡಿಯುತ್ತ ಹೋದರೆ ನೆತ್ತಿ ಸುಮ್ಮನಿರುತ್ತದೆಯೇ? ಮೇಲೆ, ಅಂಚಿನ ಬಳಿ, ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಿತ್ತು. ಬಿರುಕಿನ ಈಚೆ, ಅಂದರೆ ಜಾರಬಹುದಾದ ಕಡೆ, ಗೂಟ ನೆಟ್ಟು ತಂತಿ ಕಟ್ಟಿದ್ದರು. ಆ ತಂತಿ ಬಿರುಕನ್ನು ದಾಟಿ, ದೂರದ ಗಟ್ಟಿ ಬಂಡೆಯ ಮೇಲಿದ್ದ ಸ್ಟ್ಯಾಂಡಿನ ರಾಟೆಯನ್ನು ಹಾದು, ತುದಿಯಲ್ಲಿ ಗುಂಡನ್ನು ಹೊತ್ತು ನಿಂತಿತ್ತು. ನೆಲ ಮುಂದಕ್ಕೆ ಸರಿದರೆ ತಂತಿ ಜಗ್ಗಿ ಗುಂಡು ಮೇಲೇರಬೇಕು. ಪಕ್ಕದ ಅಳತೆಪಟ್ಟಿಯ ಕೆಂಪು ಗೆರೆಯನ್ನು ಅದು ಮುಟ್ಟಿದರೆ ಮಾಮ ಸೀಟಿ ಊದಬೇಕು, ಕೆಳಗಿನವರು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಬೇಕು.

ಬೆಳಗ್ಗೆ ಪಾಳಿಗೆ ಬಂದವರು ಕೇಳುತ್ತಿದ್ದ ಮೊದಲ ಮಾತು ಅದೇ.

"ಮಾಮ, ಗುಂಡು ಏನಂತೆ?"

"ಮಲಗಿದೆ. ನಿನ್ನ ಹಾಗೇ ಸೋಮಾರಿ."

"ಎಬ್ಬಿಸಬೇಡ ಮಾಮ, ಮಲಗಿರಲಿ ಪಾಪ!"

ಎಲ್ಲರಿಗಿಂತ ಹೆಚ್ಚಾಗಿ ಕೇಳುತ್ತಿದ್ದವನು ಮಾಮನ ತಂಗಿಯ ಗಂಡ. ಆತ ರೋಡ್ ರೋಲರ್ ಓಡಿಸುತ್ತಿದ್ದ. "ಉಳಿದವರು ಓಡಿಹೋಗ್ತಾರೆ ಭಾವ. ನನ್ನ ಈ ಎಮ್ಮೆ ಓಡಲ್ಲ, ಇದರ ಗದ್ದಲದಲ್ಲಿ ಸೀಟಿನೂ ಕೇಳಲ್ಲ. ನಾನು ನಿನ್ನ ಕೈ ನೋಡ್ಕೊಂಡೇ ಕೂತಿರ್ತೀನಿ" ಎನ್ನುತ್ತಿದ್ದ. ನಗುನಗುತ್ತ ಆಡಿದರೂ ಅದು ತಮಾಷೆಯ ಮಾತಾಗಿರಲಿಲ್ಲ. ಆಗಾಗ ರೋಲರ್ ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದ. ಮಾಮ ಕೈಯೆತ್ತಿದರೆ ಚಕ್ರ ಮತ್ತೆ ಉರುಳುತ್ತಿತ್ತು.

ಸಾಲುಮನೆಗಳಲ್ಲಿ ಇವರಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಒಂಟಿ ಜೀವ ಮಾಮನಿಗೆ ಊಟವೆಲ್ಲ ತಂಗಿಯ ಮನೆಯಲ್ಲೇ. ಒಲೆಯಿಂದ ಪಾತ್ರೆ ಇಳಿಸಿದೊಡನೆ ಅವಳು ಸೌಟಿನಿಂದ ಗೋಡೆಗೆ ಬಡಿಯುತ್ತಿದ್ದಳು. ಅಣ್ಣ ತಡಮಾಡಿದರೆ ಬಡಿತದಲ್ಲೇ ಬೈಗುಳ ಕೇಳಿಸುತ್ತಿತ್ತು.

ಬಂಡೆ ಒಡೆಯುವ ತಂಡದಲ್ಲಿದ್ದಾಗ ಜಜ್ಜಿಹೋಗಿದ್ದ ಮಂಡಿ ಮಾಮನಿಗೆ ವರ್ಷವರ್ಷಕ್ಕೂ ಹೆಚ್ಚು ಕಾಟ ಕೊಡುತ್ತಿತ್ತು. ಸ್ಟ್ಯಾಂಡಿದ್ದ ಬಂಡೆಗೆ ಮುಳ್ಳುಪೊದೆಗಳ ನಡುವೆ ಕಡಿದಾದ ಏರು. ಹಲ್ಲು ಕಚ್ಚಿ ಹತ್ತುತ್ತಿದ್ದರು, ಇಳಿಯುವಾಗ ಕಣ್ಣಲ್ಲಿ ನೀರು. ಒಂದು ರಜೆಯ ಮರುದಿನ ಹೋಗಿ ನೋಡುತ್ತಾರೆ, ಸ್ಟ್ಯಾಂಡು ಕೆಳಗಿಳಿದು ಬಿರುಕಿನ ಪಕ್ಕದಲ್ಲೇ ಹಸಿ ಸಿಮೆಂಟಿನಲ್ಲಿ ನಿಂತಿದೆ! ಪಕ್ಕದಲ್ಲಿ ತಂಗಿಯ ಗಂಡ.

"ನಿನ್ನ ಮಂಡಿಗೆ ನನ್ನ ಕಡೆಯಿಂದ ಉಡುಗೊರೆ ಭಾವ. ನಿನ್ನ ತಂಗಿಗೆ ಮಾತ್ರ ಹೇಳ್ಬೇಡ. ರಜೆ ದಿನ ಮನೆ ಕೆಲಸ ಬಿಟ್ಟು ಇಲ್ಲಿ ಸಿಮೆಂಟು ಕಲಸ್ತಿದ್ದೆ ಅಂತ ಗೊತ್ತಾದ್ರೆ ಆ ಸೌಟು ಗೋಡೆಗಲ್ಲ, ನನ್ನ ತಲೆಗೆ ಬೀಳುತ್ತೆ."

ಸ್ಟ್ಯಾಂಡು ಬಂಡೆಯ ಮೇಲೇ ಇರಬೇಕೆಂಬುದು ಮಾಮನಿಗೆ ತಿಳಿಯದ್ದಲ್ಲ. ಹೇಳಲು ಬಾಯಿ ತೆರೆದರು. ಆತನ ಸಿಮೆಂಟು ಮೆತ್ತಿದ ಕೈಗಳನ್ನೂ ಹಿಗ್ಗಿದ ಮುಖವನ್ನೂ ನೋಡಿ ಬಾಯಿ ಮುಚ್ಚಿಕೊಂಡರು. ಹೇಗಿದ್ದರೂ ಬಿರುಕಿನ ಆಚೆಗೇ ಇದೆಯಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮುಂದಿನ ವಾರ ಬಂದ ಇಂಜಿನಿಯರು, "ಒಳ್ಳೇದಾಯ್ತು, ಓದೋಕೆ ಸುಲಭ" ಎಂದು ಬೆನ್ನು ತಟ್ಟಿ ಹೋದರು.

ಆಮೇಲೆ ಮುಳ್ಳುಪೊದೆಗಳ ಕಡೆಗೆ ಯಾರೂ ಹತ್ತಲಿಲ್ಲ. ಎರಡನೆಯ ಬಿರುಕು ಬಾಯಿ ಬಿಟ್ಟದ್ದು ಅಲ್ಲಿ, ಸ್ಟ್ಯಾಂಡಿನ ಬೆನ್ನಹಿಂದೆ. ಗೂಟ, ತಂತಿ, ಸ್ಟ್ಯಾಂಡು, ಗುಂಡು ಎಲ್ಲವೂ ಒಂದೇ ನೆಲದ ಮೇಲಿದ್ದವು. ಆ ನೆಲವೇ ಒಟ್ಟಾಗಿ ಸರಿಯುತ್ತಿದ್ದರೆ ಗುಂಡಿಗೆ ಏನು ಗೊತ್ತಾಗಬೇಕು? ಅದು ಮಲಗಿಯೇ ಇತ್ತು.

ಆ ದಿನ ಮಾಮ ನೀರು ಕುಡಿಯಲು ಕೆಳಗಿನ ಶೆಡ್ಡಿಗೆ ಬಂದಿದ್ದರು. ರೋಲರ್ ನಿಂತಿತು. ಆತ ಶೆಡ್ಡಿನ ಕಡೆ ತಿರುಗಿ ಹುಬ್ಬು ಹಾರಿಸಿದ. ಮಾಮ ಲೋಟ ಹಿಡಿದೇ ಇನ್ನೊಂದು ಕೈಯೆತ್ತಿದರು. ಚಕ್ರ ಉರುಳಿತು.

ಗುಡ್ಡದ ಅಂಚು ಊಟದ ತಟ್ಟೆ ಜಾರಿದಂತೆ ಇಡಿಯಾಗಿ ಜಾರಿತು.

ದೂಳು ಅಡಗಿದ ಮೇಲೆ ರೋಲರ್ ಕಾಣಲಿಲ್ಲ. ಕಂಡದ್ದು ಮಣ್ಣಿನ ರಾಶಿಯ ಮೇಲೆ ತುಸು ವಾಲಿಕೊಂಡು ನಿಂತಿದ್ದ ಸ್ಟ್ಯಾಂಡು. ತಂತಿ ಬಿಗಿಯಾಗಿಯೇ ಇತ್ತು. ಗುಂಡು ಬೆಳಗಿನ ಅಳತೆಯಲ್ಲೇ ತೂಗುತ್ತಿತ್ತು.

ವಿಚಾರಣೆಯಲ್ಲಿ ಇಂಜಿನಿಯರು ಸ್ಟ್ಯಾಂಡಿನ ಜಾಗದ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಬೆನ್ನು ತಟ್ಟಿದ ಕೈ ಯಾರದೆಂಬ ಪ್ರಶ್ನೆಯೂ ಬರುತ್ತಿತ್ತು. "ನಿಮ್ಮ ತಪ್ಪೇನಿಲ್ಲ, ಅಳತೆ ಸರಿಯಾಗೇ ಇತ್ತು" ಎಂದು ಮಾಮನನ್ನು ಕಳುಹಿಸಿಕೊಟ್ಟರು.

ಆದರೆ ಸಾಲುಮನೆಗಳ ಬಾಯಿಗೆ ಬೀಗವೆಲ್ಲಿದೆ? ಒಂದು ಸಂಜೆ ತಂಗಿ ಮಾಮನ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಅಣ್ಣ, ಸ್ಟ್ಯಾಂಡು ಬಂಡೆ ಮೇಲಿರಬೇಕಿತ್ತಂತೆ. ಹೌದಾ?"

"ಹೌದಮ್ಮ."

"ಕೆಳಗೆ ತಂದವರು ಯಾರು?"

ಮಾಮನಿಗೆ ಸಿಮೆಂಟು ಮೆತ್ತಿದ ಆ ಎರಡು ಕೈಗಳು ಕಣ್ಣಮುಂದೆ ಬಂದವು. ನಿಜ ಹೇಳಿದರೆ ಅವಳಿಗೆ ಅಣ್ಣ ಉಳಿಯುತ್ತಾನೆ, ಆದರೆ ಗಂಡ ತನ್ನ ಗುಂಡಿಯನ್ನು ತಾನೇ ತೋಡಿಕೊಂಡನೆಂಬುದನ್ನು ಅವಳು ಬದುಕಿರುವವರೆಗೂ ಹೊರಬೇಕಾಗುತ್ತದೆ.

"ನಾನೇ" ಎಂದರು.

"ಯಾಕೆ?"

"ಮಂಡಿ ನೋವು."

ಅವಳು ಆ ಮಂಡಿಯನ್ನೇ ದಿಟ್ಟಿಸಿದಳು.

"ಚೆನ್ನಾಗಿರಲಿ ಬಿಡು, ನಿನ್ನ ಮಂಡಿ" ಎಂದು ತಿರುಗಿ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಲೆಯಿಂದ ಪಾತ್ರೆ ಇಳಿಸಿದ ಸದ್ದಾಯಿತು. ಮಾಮ ರೂಢಿಯಂತೆ ಎದ್ದು ನಿಂತರು. ಸೌಟು ಪಾತ್ರೆಯ ಅಂಚಿಗೆ ತಗುಲಿತು, ತಟ್ಟೆಯೊಂದನ್ನು ನೆಲಕ್ಕಿಟ್ಟ ಸದ್ದು ಬಂತು, ಆಮೇಲೆ ಏನೂ ಕೇಳಿಸಲಿಲ್ಲ. ಗೋಡೆಗೆ ಕೈಯೂರಿ, ಮಂಡಿಯನ್ನು ನಿಧಾನವಾಗಿ ಮಡಿಸಿ, ಅವರು ಮತ್ತೆ ಕುಳಿತುಕೊಂಡರು.