ಗುಡ್ಡ ತೋರಿಸುವ ಫಿನ್ಲೆ

ಅಮೆರಿಕದವರಿಗೆ ಸ್ಕಾಟ್ಲೆಂಡಿನ ಗುಡ್ಡ ತೋರಿಸುವ ಫಿನ್ಲೆಗೆ ಅವರ ಮಾತಿಗೆ ಇಲ್ಲವೆಂದು ಹೇಳಿಯೇ ಗೊತ್ತಿಲ್ಲ. ಮನೆಯಲ್ಲಿ ಹಳೇ ಪ್ಯಾಂಟಿನಲ್ಲೇ ಇರುವವನು ಬಸ್ಸು ಬಂತೆಂದರೆ ಅಲ್ಲಿನ ಗಂಡಸರ ಹಳೇ ಕಾಲದ ಉಡುಗೆ, ನೆರಿಗೆಯ ಕಿಲ್ಟು ಸುತ್ತಿಕೊಂಡು ನಿಲ್ಲುತ್ತಾನೆ. ಮಂಜು ನೋಡಿ ನಿಟ್ಟುಸಿರು ಬಿಡುತ್ತಾನೆ, ಕ್ಯಾಮೆರಾಕ್ಕೆ ತಪ್ಪಿತೆಂದರೆ ಅದೇ ನಿಟ್ಟುಸಿರನ್ನು ಮತ್ತೊಮ್ಮೆ ಬಿಡುತ್ತಾನೆ. "ಅಬ್ಬಾ, ಮನುಷ್ಯರೇ ಕಾಲಿಡದ ಜಾಗ!" ಎಂದು ಅವರು ಮೈಮರೆತರೆ "ಹೌದು ತಾಯಿ" ಎನ್ನುತ್ತಾನೆ, ತನ್ನ ಮುತ್ತಜ್ಜಿಯ ಊರನ್ನೇ ಕುರಿ ಮೇಯಿಸಲೆಂದು ಜಮೀನ್ದಾರ ಇಲ್ಲಿಂದ ಒಕ್ಕಲೆಬ್ಬಿಸಿದ ಕಥೆಯನ್ನು ನುಂಗಿಕೊಳ್ಳುತ್ತಾನೆ. ಆದರೆ ಮಾಡೂ ಬಾಗಿಲೂ ಇಲ್ಲದ ಒಂದು ಮೋಟುಗೋಡೆಯ ಮನೆಗೆ ಬಂದಾಗ ಮಾತ್ರ, ಹೊಸ್ತಿಲ ಕಲ್ಲಿಗೆ ಬೂಟು ಒರೆಸಿಯೇ ಒಳಗೆ ಕಾಲಿಡುತ್ತಾನೆ. ಮೊನ್ನೆ ಒಬ್ಬಾಕೆ ನಕ್ಕು, "ಎಷ್ಟು ಚೆನ್ನಾಗಿತ್ತು ಕಣ್ರೀ, ಇನ್ನೊಂದ್ಸಲ ಮಾಡಿ" ಎಂದು ಕ್ಯಾಮೆರಾ ಎತ್ತಿದಳು. "ಆಗಲ್ಲ ತಾಯಿ," ಎಂದ ಫಿನ್ಲೆ. "ನಮ್ಮ ಮುತ್ತಜ್ಜಿ ನೆಲ ಗುಡಿಸಿಟ್ಟು ಹೋಗಿದ್ದಾಳೆ."